ಓಟ ಮುಗಿದ ಮೇಲೆ

ಪಂದ್ಯದ ಕುದುರೆಯನ್ನು ನಾವು ಕಾಣುವುದು ಅದು ಓಡುವಾಗ ಮಾತ್ರ. 2 ವರ್ಷದ ಪ್ರಾಯಕ್ಕೇ ಓಟದ ಮೈದಾನಕ್ಕಿಳಿಯುವ ಥರೋಬ್ರೆಡ್ ತಳಿಯ ಕುದುರೆ ಸಾಮಾನ್ಯವಾಗಿ ಕೆಲವೇ ವರ್ಷಗಳಲ್ಲಿ ನಿವೃತ್ತಿಯಾಗುತ್ತದೆ. ಅದರ ಆಯುಷ್ಯವಾದರೋ 25 ವರ್ಷಗಳನ್ನೂ ದಾಟಬಲ್ಲದು. ಹಾಗಾದರೆ ಪ್ರಿಯ ಓದುಗರೇ, ಉಳಿದಷ್ಟು ಕಾಲ ಅದಕ್ಕೆ ಮೇವು ನೀಡುವವರು ಯಾರು?

ಈ ಪ್ರಶ್ನೆಯನ್ನು ಅಮೆರಿಕದ ಜನರ ಮುಂದೆ ತಂದಿಟ್ಟದ್ದು ಫರ್ಡಿನಾಂಡ್ ಎಂಬ ಕುದುರೆಯ ಕಥೆ. 1986ರಲ್ಲಿ ಅದು ಪ್ರಸಿದ್ಧವಾದ ಕೆಂಟಕಿ ಡರ್ಬಿಯನ್ನು ಗೆದ್ದಿತು. ಅದರ ಜಾಕಿ ಬಿಲ್ ಶೂಮೇಕರ್‌ರವರಿಗೆ ಆಗ 54 ವರ್ಷ. ತರಬೇತುದಾರ ಚಾರ್ಲಿ ವಿಟ್ಟಿಂಗ್‌ಹ್ಯಾಮ್‌ರವರಿಗೆ 73. ಹಿರಿಯರಿಬ್ಬರ ಈ ಗೆಲುವನ್ನು ಜನ ಸಂಭ್ರಮಿಸಿದರು. ಮರುವರ್ಷ ಫರ್ಡಿನಾಂಡ್‌ಗೆ 'ವರ್ಷದ ಕುದುರೆ' ಎಂಬ ಗೌರವವೂ ಸಂದಿತು. ಅದು ಗಳಿಸಿಕೊಟ್ಟ ಬಹುಮಾನದ ಮೊತ್ತ 37 ಲಕ್ಷ ಡಾಲರುಗಳಿಗೂ ಅಧಿಕ.

1994ರಲ್ಲಿ ತಳಿ ಸಂವರ್ಧನೆಗೆಂದು ಅದನ್ನು ಜಪಾನಿಗೆ ಮಾರಲಾಯಿತು. ಅಲ್ಲಿ ಅದಕ್ಕೆ ಬೇಡಿಕೆ ಕುಸಿಯಿತು. 2002ರಲ್ಲಿ ಅದು ಕಸಾಯಿಖಾನೆಯಲ್ಲಿ ಕೊನೆಗೊಂಡಿತೆಂಬ ವರದಿ 2003ರಲ್ಲಿ ಪ್ರಕಟವಾದಾಗ ಅಮೆರಿಕದ ಕುದುರೆಪ್ರಿಯರು ದಿಗ್ಭ್ರಾಂತರಾದರು. ಇಂತಹ ವಿಜೇತನಿಗೇ ಈ ಗತಿಯಾದರೆ, ಒಂದು ಪಂದ್ಯವನ್ನೂ ಗೆಲ್ಲದ ಸಾವಿರಾರು ಕುದುರೆಗಳ ಪಾಡೇನು?

ಆ ಬಡ ಕುದುರೆಗಳಿಗಾಗಿ ಚಿಂತಿಸಿದವರು ಅದಕ್ಕೂ ಮೊದಲೇ ಇದ್ದರು. ಮೋನಿಕ್ ಕೋಲರ್ ಎಂಬ ಮಹಿಳೆ ಸ್ಥಾಪಿಸಿದ ಸಂಸ್ಥೆಯೊಂದು 1984ರಲ್ಲಿ ನ್ಯೂಯಾರ್ಕ್ ರಾಜ್ಯದ ವಾಲ್‌ಕಿಲ್ ಕಾರಾಗೃಹದ ಜಮೀನಿನಲ್ಲಿ ನಿವೃತ್ತ ಕುದುರೆಗಳಿಗೆ ಆಶ್ರಯ ಕಲ್ಪಿಸಿತು. ಅವುಗಳ ಆರೈಕೆ ಕೈದಿಗಳ ಪಾಲಿಗೆ ಬಂದಿತು. ಮೇವುಣಿಸುವುದು, ಮೈ ಉಜ್ಜುವುದು, ಗೊರಸಿನ ಗಾಯ ಗುರುತಿಸುವುದು ಇವೆಲ್ಲವನ್ನೂ ಅವರು ಕಲಿತರು. ಬಿಡುಗಡೆಯ ನಂತರ ಜೀವನೋಪಾಯಕ್ಕೆ ನೆರವಾಗಬಲ್ಲ ವಿದ್ಯೆಯೂ ಅವರಿಗೆ ದೊರೆಯಿತು. ಸಮಾಜ ಬದಿಗಿಟ್ಟ ಮನುಷ್ಯರು, ಮೈದಾನ ಬದಿಗಿಟ್ಟ ಪ್ರಾಣಿಗಳು ಹೀಗೆ ಪರಸ್ಪರ ಆಸರೆಯಾದರು.

ಫರ್ಡಿನಾಂಡ್‌ನ ಸುದ್ದಿ ಹೊರಬಿದ್ದ 2003ರಲ್ಲೇ, ಪತ್ರಿಕೆಯೊಂದರಲ್ಲಿ ಚಲನಚಿತ್ರ ವಿಮರ್ಶಕರಾಗಿದ್ದ ಮೈಕಲ್ ಬ್ಲೋವನ್‌ರವರು ಕೆಂಟಕಿಯಲ್ಲಿ 'ಓಲ್ಡ್ ಫ್ರೆಂಡ್ಸ್' ಎಂಬ ಆಶ್ರಯಧಾಮವನ್ನು ಪ್ರಾರಂಭಿಸಿದರು. ಸಾಕುವುದು ಕಷ್ಟವೆಂದು ಅನೇಕರು ಹಿಂಜರಿಯುವ ಗಂಡುಕುದುರೆಗಳಿಗೂ ಅಲ್ಲಿ ಸ್ಥಳ ದೊರೆಯಿತು. 1997ರ ಡರ್ಬಿ ವಿಜೇತ ಸಿಲ್ವರ್ ಚಾರ್ಮ್ ಕೂಡ ಫರ್ಡಿನಾಂಡ್‌ನಂತೆಯೇ ಜಪಾನಿಗೆ ಹೋಗಿತ್ತು. ಆದರೆ ತಳಿ ಸಂವರ್ಧನೆಯ ಕಾಲ ಮುಗಿದ ಮೇಲೆ ಅದನ್ನು ಹಿಂದಕ್ಕೆ ಪಡೆಯುವ ಅವಕಾಶವನ್ನು ಮಾರಾಟದ ಒಪ್ಪಂದದಲ್ಲೇ ಇರಿಸಲಾಗಿತ್ತು. ಅದರಂತೆ 2014ರ ಡಿಸೆಂಬರಿನಲ್ಲಿ ಅದು ಕೆಂಟಕಿಯ ಆ ಧಾಮಕ್ಕೆ ಮರಳಿತು.

ಹಾಗೆಂದು ಸಮಸ್ಯೆ ಬಗೆಹರಿದಿಲ್ಲ. ಅಮೆರಿಕದ ಕುದುರೆ ಕಸಾಯಿಖಾನೆಗಳು 2007ರಲ್ಲಿ ಮುಚ್ಚಿದವು. ನಂತರವೂ ಕುದುರೆಗಳನ್ನು ವಧೆಗಾಗಿ ಮೆಕ್ಸಿಕೊ, ಕೆನಡಾಗಳಿಗೆ ಸಾಗಿಸಲಾಯಿತು. 2012ರಲ್ಲಿ ಪಂದ್ಯೋದ್ಯಮವೇ ಮುಂದಾಗಿ, ಆಶ್ರಯ ನೀಡುವ ಸಂಸ್ಥೆಗಳನ್ನು ಪರಿಶೀಲಿಸಿ ಧನಸಹಾಯ ಒದಗಿಸುವ ಒಕ್ಕೂಟವನ್ನು ರಚಿಸಿತು.

ಈ ಎರಡು ಕುದುರೆಗಳನ್ನು ಅಕ್ಕಪಕ್ಕದಲ್ಲಿಟ್ಟು ಯೋಚಿಸಿರಿ. ಫರ್ಡಿನಾಂಡ್‌ನನ್ನು ಮೆಚ್ಚಿದವರಿಗೆ ಕೊರತೆಯಿರಲಿಲ್ಲ. ಅದರ ಮುಪ್ಪಿಗೆ ಯಾರು ಹೊಣೆ ಎಂಬುದನ್ನು ಮಾತ್ರ ಯಾರೂ ಬರೆದಿಟ್ಟಿರಲಿಲ್ಲ. ನಮಗಾಗಿ ದುಡಿದ ಜೀವಿಯ ಋಣವನ್ನು, ಅದಿನ್ನೂ ದುಡಿಯುತ್ತಿರುವಾಗಲೇ ನೆನೆದು ವ್ಯವಸ್ಥೆ ಮಾಡಬೇಕು. ಶಕ್ತಿ ಕುಂದಿದ ಬಳಿಕ ಅದನ್ನು ನೆನಪಿಸಲು ಆ ಮೂಕಪ್ರಾಣಿಗೆ ಬಾಯಿಲ್ಲ.