ಸೀಗೆ ಬಳ್ಳಿಯ ಜಾಡಿನಲ್ಲಿ

ತಲೆಗೆ ಎಣ್ಣೆ ಹಚ್ಚಿದ ದಿನ ಸೀಗೆಪುಡಿ ಕಣ್ಣಿಗೆ ಬಿದ್ದು ಉರಿಯೆಂದು ಚೀರಾಡದ ಮಕ್ಕಳು ನಮ್ಮಲ್ಲಿ ಯಾರಿದ್ದಾರೆ? ಆ ಪುಡಿ ಎಲ್ಲಿಂದ ಬಂತೆಂದು ಮಾತ್ರ ನಾವು ಕೇಳಿದವರಲ್ಲ.

ಸೀಗೆ ಕಾಡಿನ ಬಳ್ಳಿ. ಕೊಕ್ಕೆಯಂತಹ ಮುಳ್ಳುಗಳನ್ನೇ ಊರಿಕೊಂಡು ಮರ ಏರುತ್ತದೆ. ಸೀಗೆಮೆಳೆಗೆ ನುಗ್ಗಿದವನ ಅಂಗಿ ಹರಿಯದಿದ್ದರೆ ಅದೇ ಭಾಗ್ಯ. ಕಾಯಿಯಲ್ಲಿರುವ ಸಪೋನಿನ್ ಎಂಬ ಪದಾರ್ಥ ನೀರಿನಲ್ಲಿ ನೊರೆಯೆದ್ದು ಜಿಡ್ಡನ್ನು ಬಿಡಿಸುತ್ತದೆ. ಹಳಬರು ಕಾಯಿ ಒಣಗಿಸಿ, ಮೆಂತ್ಯ, ಅಂಟುವಾಳದೊಂದಿಗೆ ಪುಡಿ ಮಾಡಿಸುತ್ತಿದ್ದರು. ಹುಳಿಯಾದ ಎಳೆ ಚಿಗುರು ಚಟ್ನಿಗೂ ಸಾರಿಗೂ ಆಗುತ್ತಿತ್ತು. ಉರ್ದು, ಹಿಂದಿ ಮಾತನಾಡುವವರೂ ಇದನ್ನು ಶಿಕಾಕಾಯಿ ಎಂದೇ ಕರೆಯುತ್ತಾರೆ. ದಕ್ಷಿಣದ 'ಕಾಯಿ' ಆ ಹೆಸರಿನೊಳಗೇ ಉಳಿದುಕೊಂಡಿದೆ.

ಇದರ ಜಾಗಕ್ಕೆ ಬಂದ ಶಾಂಪೂವಿನ ಹೆಸರೂ ನಮ್ಮದೇ ಎಂಬುದು ವಿಚಿತ್ರ. ಒತ್ತು, ಅದುಮು ಎಂಬರ್ಥದ ಹಿಂದಿಯ 'ಚಾಂಪೋ' ಅದರ ಮೂಲ. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮುಹಮ್ಮದ್ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಹಬೆಸ್ನಾನದ ಮನೆ ತೆರೆದು, ಮೈ ತಿಕ್ಕಿ ಒತ್ತುವ ಚಿಕಿತ್ಸೆಗೆ ಇದೇ ಹೆಸರಿಟ್ಟು ಪ್ರಸಿದ್ಧರಾದರು. 1822ರಲ್ಲಿ ಆ ಬಗ್ಗೆ ಪುಸ್ತಕವನ್ನೂ ಬರೆದರು. ರಾಜ ನಾಲ್ಕನೇ ಜಾರ್ಜ್ ಕೂಡ ಅವರ ಗಿರಾಕಿ. ಮೈ ಒತ್ತುವುದಕ್ಕಿದ್ದ ಹೆಸರು ಮುಂದೆ ತಲೆ ತೊಳೆಯುವುದಕ್ಕೆ ಅಂಟಿಕೊಂಡಿತು. ಬಾಟಲಿಯಲ್ಲಿ ನಮ್ಮ ಬಚ್ಚಲಿಗೆ ಬಂದದ್ದು ಆ ಹೊಸ ಅರ್ಥ. ಈಗ ಆ ಬಾಟಲಿಗಳ ಮೇಲೇ ಶಿಕಾಕಾಯಿಯ ಚಿತ್ರ!

ಹೆಸರು ಊರೂರು ಸುತ್ತಿದರೂ ಕಾಯಿ ಕೀಳುವವರು ಕಾಡಿನಲ್ಲೇ ಇದ್ದರು. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಸೀಗೆ, ಜೇನು, ನೆಲ್ಲಿಕಾಯಿ ತಂದು ಲ್ಯಾಂಪ್ಸ್ ಸಹಕಾರ ಸಂಘಕ್ಕೆ ಕೊಡುತ್ತಿದ್ದರು. ಮುಳ್ಳಿನ ಗಾಯ ಅವರ ಕೈಗೆ, ನುಣುಪು ನಮ್ಮ ಕೂದಲಿಗೆ. 1974ರಲ್ಲಿ ಆ ಕಾಡು ಅಭಯಾರಣ್ಯವಾಯಿತು. ವನ್ಯಜೀವಿ ಕಾಯಿದೆಯ ತಿದ್ದುಪಡಿಯ ನಂತರ, 2006ರಲ್ಲಿ, ಮಾರುವುದಕ್ಕಾಗಿ ಕಾಡಿನ ಕಾಯಿ ಕೀಳುವುದನ್ನು ನಿಲ್ಲಿಸಲಾಯಿತು. ತಲೆತಲಾಂತರದಿಂದ ಬಳ್ಳಿಯನ್ನು ಬಲ್ಲವರು ಒಂದೇ ಏಟಿಗೆ ಅಪರಾಧಿಗಳಂತಾದರು. ಕಾಡಿಗೆ ಬೇಲಿ ಹಾಕುವ ಮೊದಲು ಅದರೊಳಗಿನ ಸಂಸಾರಗಳನ್ನು ಎಣಿಸಬೇಕಾಗಿತ್ತು ಎಂಬುದು ನಮ್ಮ ಅನಿಸಿಕೆ.

ಅವರು ಸುಮ್ಮನಿರಲಿಲ್ಲ. ಅರಣ್ಯ ಹಕ್ಕು ಕಾಯಿದೆಯಡಿ ಊರೂರಿನ ಗ್ರಾಮಸಭೆಗಳಿಂದ ಅರ್ಜಿ ಹಾಕಿದರು. 2011ರ ಜನವರಿಯಲ್ಲಿ ಕಾಡು ಹುಲಿ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳ ಕೈಗೆ ಸಮುದಾಯ ಹಕ್ಕುಪತ್ರ ಬಂತು. ಕಾಡಿನ ಕಿರು ಉತ್ಪನ್ನಗಳನ್ನು ಸಂಗ್ರಹಿಸುವ ಹಕ್ಕು ಅದರಲ್ಲಿದೆ. ಸೀಗೆಕಾಯಿಯೂ ಅದಕ್ಕೆ ಸೇರಿದೆ.