ಅರಬ್ಬೀ ಸಮುದ್ರದ ತಡಿಯಲ್ಲಿ ರಂಜಾನ್

ರಂಜಾನ್ ತಿಂಗಳ ಉಪವಾಸ ಕಡ್ಡಾಯವಾದದ್ದು ಹಿಜರಿ 2ನೇ ವರ್ಷದಲ್ಲಿ, ಅಂದರೆ ಕ್ರಿ.ಶ. 624ರ ಸುಮಾರಿಗೆ. ಮುಂಜಾವಿನ ಬೆಳಕು ಹರಿಯುವ ಮುನ್ನ ಸಹರಿಯ ಊಟ, ಸೂರ್ಯ ಮುಳುಗಿದೊಡನೆ ಇಫ್ತಾರ್, ರಾತ್ರಿ ತರಾವೀಹ್ ನಮಾಜು, ಬಡವರಿಗೆ ದಾನ: ಈ ಚೌಕಟ್ಟು ಜಗತ್ತಿನೆಲ್ಲೆಡೆ ಒಂದೇ. ಆ ಮೂವತ್ತು ದಿನಗಳನ್ನು ಜನ ಹೇಗೆ ತುಂಬಿಕೊಳ್ಳುತ್ತಾರೆ ಎಂಬುದು ಮಾತ್ರ ಆಯಾ ನೆಲದ ಬೆಳೆ, ಕಸುಬು ಮತ್ತು ಪಾಠಪರಂಪರೆಗೆ ತಕ್ಕಂತೆ ಬದಲಾಗುತ್ತದೆ. ಠಾಣೆ ಖಾಡಿಯ (ಕಡಲ ಹಿನ್ನೀರಿನ) ದಡದಿಂದ ಹೊನ್ನಾವರ, ಭಟ್ಕಳ, ಮಂಗಳೂರಿನವರೆಗೆ ಹಬ್ಬಿರುವ ಕರಾವಳಿಗೆ ಈ ವಿಷಯದಲ್ಲಿ ತನ್ನದೇ ಚರಿತ್ರೆಯಿದೆ. ಅದು ಅಕ್ಕಿಯ ಮೇಲೂ ಓದಿನ ಮೇಲೂ ನಿಂತ ಚರಿತ್ರೆ.

ಈ ತೀರಕ್ಕೆ ಇಸ್ಲಾಂ ಬಂದದ್ದು ಬಹುಮಟ್ಟಿಗೆ ಹಡಗಿನಲ್ಲಿ, ವ್ಯಾಪಾರಿಗಳ ಜೊತೆ. ಕ್ರಿ.ಶ. 916ರ ಹೊತ್ತಿಗೆ ಇಂದಿನ ರಾಯಗಡ ಜಿಲ್ಲೆಯ ಚೌಲ್ ಬಂದರಿಗೆ ಬಂದಿದ್ದ ಅರಬ್ ಲೇಖಕ ಅಲ್ ಮಸೂದಿ ಅಲ್ಲಿ ಸುಮಾರು ಹತ್ತು ಸಾವಿರ ಮುಸ್ಲಿಮರಿದ್ದರೆಂದು ಬರೆದಿದ್ದಾನೆ. ಕೊಂಕಣಿ ಮುಸ್ಲಿಮರು, ಭಟ್ಕಳದ ನವಾಯತರು, ದಕ್ಷಿಣ ಕನ್ನಡದ ಬ್ಯಾರಿಗಳು ಮಾತಿನಲ್ಲಿ ಬೇರೆಯಾದರೂ ಬಹುಪಾಲು ಸುನ್ನಿ ಧರ್ಮಶಾಸ್ತ್ರದ ಶಾಫಿ ಪಂಥದವರು; ಒಳನಾಡಿನ ಬೀದರ್, ವಿಜಯಪುರ, ಕಲಬುರಗಿಗಳಲ್ಲಿ ಅದರ ಇನ್ನೊಂದು ಪಂಥವಾದ ಹನಫಿಗಳೇ ಹೆಚ್ಚು. ಮುಂಬಯಿಯ ಮಾಹಿಮ್‌ನಲ್ಲಿ ದರ್ಗಾ ಇರುವ ಮಖ್ದೂಮ್ ಅಲಿ ಮಾಹಿಮಿ (1372–1431) ನವಾಯತ ಮನೆತನದವರು, ಶಾಫಿ ವಿದ್ವಾಂಸರು, ಕುರಾನಿಗೆ ಅರಬ್ಬಿಯಲ್ಲಿ ವ್ಯಾಖ್ಯಾನ ಬರೆದವರು. ಮುಂಬಯಿಗೂ ಕನ್ನಡ ಕರಾವಳಿಗೂ ಇರುವ ನಂಟು ಅಷ್ಟು ಹಳೆಯದು.

ಕರಾವಳಿಯಲ್ಲಿ ಉಪವಾಸ ಬಿಡುವ ಹೊತ್ತು ಹೇಗಿರುತ್ತಿತ್ತು ಎಂಬುದನ್ನು ಕಣ್ಣಿಗೆ ಕಟ್ಟುವಂತೆ ಹೇಳಿದವನು ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ. 1340ರ ದಶಕದ ಆರಂಭದಲ್ಲಿ ಆತ ಹೊನ್ನಾವರಕ್ಕೆ ಬಂದಾಗ ಅಲ್ಲಿ ಸುಲ್ತಾನ ಜಮಾಲುದ್ದೀನ್ ಆಳುತ್ತಿದ್ದ. ಅವನು ವಿಜಯನಗರದ ಹರಿಹರನಿಗೆ ಅಧೀನ. ರಂಜಾನಿನ ಹೊರತಾಗಿಯೂ ಈ ಸುಲ್ತಾನ ಪ್ರತಿ ಚಾಂದ್ರಮಾಸದ 13, 14, 15ನೇ ದಿನ ಉಪವಾಸವಿರುತ್ತಿದ್ದ, ಅತಿಥಿಯನ್ನು ಇಫ್ತಾರಿಗೆ ಕರೆಯುತ್ತಿದ್ದ. ನೆಲದ ಮೇಲೆ ನಾಲ್ಕು ಚಿಕ್ಕ ಪೀಠ. ಒಂದರಲ್ಲಿ ಸುಲ್ತಾನ, ಉಳಿದವುಗಳಲ್ಲಿ ಇಬ್ನ್ ಬತೂತ ಮತ್ತು ಇಬ್ಬರು ಧರ್ಮಪಂಡಿತರು. ಆಳುವವನೂ ಅಲೆಮಾರಿಯೂ ಒಂದೇ ಎತ್ತರದಲ್ಲಿ ಕೂತ ಆ ಪಂಕ್ತಿ ಗಮನಿಸತಕ್ಕದ್ದು. ತಾಮ್ರದ ಮೇಜಿನ ಮೇಲೆ ತಾಮ್ರದ ತಟ್ಟೆ. ರೇಷ್ಮೆ ಉಟ್ಟ ಹೆಣ್ಣುಮಗಳೊಬ್ಬಳು ದೊಡ್ಡ ಸೌಟಿನಿಂದ ಅನ್ನ ಬಡಿಸಿ ತುಪ್ಪ ಸುರಿಯುತ್ತಾಳೆ; ಪಕ್ಕಕ್ಕೆ ಗೊಂಚಲು ಮೆಣಸು, ಹಸಿ ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಆ ಸೌಟಿನ ಅನ್ನ ಮುಗಿದರೆ ಇನ್ನೊಂದು ಸೌಟು, ಅದಕ್ಕೆ ಕೋಳಿ, ಮತ್ತೊಂದು ಸೌಟಿಗೆ ಮೀನು, ಆಮೇಲೆ ತರಕಾರಿ, ಕೊನೆಗೆ ಮೊಸರು. ಊಟವಾದ ಮೇಲೆ ಕುಡಿಯುವುದು ಬಿಸಿನೀರು, ಮಳೆಗಾಲದಲ್ಲಿ ತಣ್ಣೀರು ಮೈಗಾಗದು ಎಂದು. ಇನ್ನೊಂದು ಸಲ ಈ ಸುಲ್ತಾನನ ಬಳಿ ಹನ್ನೊಂದು ತಿಂಗಳು ಇದ್ದಾಗ ಒಂದು ದಿನವೂ ರೊಟ್ಟಿ ಕಾಣಲಿಲ್ಲ ಎಂದೂ ಅವನು ಹೇಳುತ್ತಾನೆ. ಇಂದು ಕರಾವಳಿಯ ಮನೆಗಳಲ್ಲಿ ಇಫ್ತಾರಿನ ಬಳಿಕ ಉಣ್ಣುವ ಊಟಕ್ಕೂ ಇದಕ್ಕೂ ದೂರ ಬಹಳವಿಲ್ಲ.

ಅಕ್ಕಿಯ ಇನ್ನೊಂದು ರೂಪ ಗಂಜಿ. ಮೆಂತೆ, ತೆಂಗಿನಹಾಲು ಹಾಕಿ ಮೆತ್ತಗೆ ಬೇಯಿಸಿದ ಗಂಜಿ ಇಡೀ ದಿನ ಬರಿದಾಗಿದ್ದ ಹೊಟ್ಟೆಗೆ ಹಿತ. ನೀರಿನಂಶವನ್ನೂ ಉಪ್ಪನ್ನೂ ಒಟ್ಟಿಗೆ ಕೊಡುವುದರಿಂದ ಬೆವರು ಸುರಿಯುವ ಕರಾವಳಿಯ ಬಿಸಿಲಿಗೆ ಇದಕ್ಕಿಂತ ತಕ್ಕ ಆಹಾರ ಸಿಗುವುದು ಕಷ್ಟ. ತಮಿಳುನಾಡಿನಲ್ಲಿ ಮಸೀದಿಗಳ ರಂಜಾನ್ ಗಂಜಿಗೆ ಸರ್ಕಾರವೇ ಅಕ್ಕಿ ಒದಗಿಸುತ್ತದೆ. ಒಳನಾಡಿನಲ್ಲಿ ಗಂಜಿಯ ಜಾಗವನ್ನು ಗೋಧಿ, ಬೇಳೆ, ಮಾಂಸ ಕೂಡಿಸಿ ಗಂಟೆಗಟ್ಟಲೆ ಕಡೆದ ಹಲೀಮ್ ಹಿಡಿದಿದೆ. 2010ರಲ್ಲಿ ಹೈದರಾಬಾದಿ ಹಲೀಮ್‌ಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ಈ ಕರಾವಳಿ ರಂಜಾನಿಗೆ ಕೊಟ್ಟ ನಿಜವಾದ ಬಲವೆಂದರೆ ಓದು. ಇಬ್ನ್ ಬತೂತನನ್ನು ಅಚ್ಚರಿಗೊಳಿಸಿದ್ದು ಹೊನ್ನಾವರದ ಹೆಂಗಸರು. ಹೊಲಿಯದ ಬಟ್ಟೆ ಉಟ್ಟು ಮೂಗಿಗೆ ಚಿನ್ನದ ಮೂಗುತಿ ಇಟ್ಟಿದ್ದ ಇವರೆಲ್ಲರಿಗೂ ಕುರಾನ್ ಕಂಠಪಾಠವಾಗಿತ್ತು ಎನ್ನುತ್ತಾನೆ. ಊರಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆ, ಇಂಥದ್ದನ್ನು ಬೇರೆಲ್ಲೂ ನೋಡಿಲ್ಲ ಎಂಬುದು ಅವನ ಮಾತು. ಆರು ನೂರ ಎಂಬತ್ತು ವರ್ಷಗಳ ಹಿಂದೆ ಒಂದು ಬಂದರಿನಲ್ಲಿ ಹೆಣ್ಣುಮಕ್ಕಳಿಗೆಂದೇ ಇಷ್ಟು ಶಾಲೆಗಳಿದ್ದವು ಎಂಬ ಸಂಗತಿ ನಮ್ಮ ಶಾಲಾಪಠ್ಯಗಳಲ್ಲಿ ಸಿಗಬೇಕಾದಷ್ಟು ಜಾಗ ಪಡೆದಿಲ್ಲ. ಕುರಾನನ್ನು ಮೂವತ್ತು ಭಾಗ ಮಾಡಿ ದಿನಕ್ಕೊಂದರಂತೆ ಓದಿ ತಿಂಗಳಲ್ಲಿ ಮುಗಿಸುವುದು ರಂಜಾನಿನ ಮುಖ್ಯ ವ್ರತ. ತರಾವೀಹ್‌ನ ಇಪ್ಪತ್ತು ರಕಾತುಗಳಲ್ಲಿ (ನಮಾಜಿನ ಆವರ್ತನಗಳಲ್ಲಿ) ಪುಸ್ತಕ ನೋಡದೆ ಅದನ್ನು ಪಠಿಸಬಲ್ಲ ಹಾಫಿಜರಿಗೆ ಈ ತಿಂಗಳು ಎಲ್ಲಿಲ್ಲದ ಬೇಡಿಕೆ. ಭಟ್ಕಳದಲ್ಲಿ 1919ರಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಶಾಲಾಶಿಕ್ಷಣಕ್ಕೂ, 1962ರಲ್ಲಿ ಜಾಮಿಯಾ ಇಸ್ಲಾಮಿಯಾ ಧರ್ಮಶಿಕ್ಷಣಕ್ಕೂ ಹುಟ್ಟಿಕೊಂಡದ್ದು ಇದೇ ಪರಂಪರೆಯ ಮುಂದುವರಿಕೆ.

ಸಹರಿಗೆ ಜನರನ್ನು ಎಬ್ಬಿಸುವುದೂ ಒಂದು ಕಾಲಕ್ಕೆ ಕಸುಬಾಗಿತ್ತು. ದಫ್ ಬಡಿಯುತ್ತ, ಹಾಡುತ್ತ ಓಣಿ ಓಣಿ ಸುತ್ತುವ ಫಕೀರರಿಗೆ ಹಬ್ಬದ ದಿನ ಮನೆಮನೆಯವರು ಕಾಳು, ಬಟ್ಟೆ, ಹಣ ಕೊಡುತ್ತಿದ್ದರು. ಧ್ವನಿವರ್ಧಕ, ಆಮೇಲೆ ಮೊಬೈಲು ಬಂದ ಮೇಲೆ ಅವರ ಕೆಲಸ ಬಹುತೇಕ ನಿಂತಿತು.

ದಾನದ ಲೆಕ್ಕದಲ್ಲಿ ಎರಡು ಬಾಬ್ತು. ಒಂದು ಜಕಾತ್: ನಿಗದಿತ ಮಿತಿಗಿಂತ ಹೆಚ್ಚಿನ ಆಸ್ತಿ ಒಂದು ಚಾಂದ್ರಮಾನ ವರ್ಷ ಕೈಯಲ್ಲಿದ್ದರೆ ಅದರ ಶೇ. 2.5 ಭಾಗ. ಇದನ್ನು ರಂಜಾನಿನಲ್ಲೇ ಕೊಡಬೇಕೆಂಬ ಕಟ್ಟಳೆಯಿಲ್ಲ, ಆದರೆ ಪುಣ್ಯ ಹೆಚ್ಚೆಂಬ ನಂಬಿಕೆಯಿಂದ ಬಹುತೇಕ ವ್ಯಾಪಾರಿಗಳು ಈ ತಿಂಗಳಲ್ಲೇ ಅಂಗಡಿಯ ಸರಕು, ಚಿನ್ನ, ಬಾಕಿ ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ. ಮುಂಬಯಿ, ಚೆನ್ನೈ, ಕಲ್ಲಿಕೋಟೆಗಳಲ್ಲಿ ಅಂಗಡಿ ಇಟ್ಟ ನವಾಯತರು, ಬಳಿಕ ಕೊಲ್ಲಿ ದೇಶಗಳಿಗೆ ಹೋದವರು ಊರಿಗೆ ಕಳಿಸುವ ಹಣದಲ್ಲಿ ಈ ಪಾಲೂ ಸೇರಿರುತ್ತದೆ. ಇನ್ನೊಂದು ಫಿತ್ರಾ, ಹಬ್ಬದ ನಮಾಜಿಗೆ ಮುನ್ನ ಮನೆಯ ಪ್ರತಿ ತಲೆಗೂ, ಹಸುಗೂಸಿಗೂ ಸೇರಿಸಿ, ಕೊಡಬೇಕಾದ್ದು. ಶಾಫಿ ನಿಯಮದಂತೆ ಇದು ಆಯಾ ಊರಿನ ಮುಖ್ಯ ಧಾನ್ಯದಲ್ಲೇ ಸಲ್ಲಬೇಕು. ಹಾಗಾಗಿ ಕರಾವಳಿಯಲ್ಲಿ ತಲೆಗೆ ಸುಮಾರು ಎರಡೂವರೆಯಿಂದ ಮೂರು ಕಿಲೋ ಅಕ್ಕಿ. ಹನಫಿಗಳಲ್ಲಿ ಸುಮಾರು ಒಂದೂ ಮುಕ್ಕಾಲು ಕಿಲೋ ಗೋಧಿಯ ಬೆಲೆಯನ್ನು ಹಣವಾಗಿ ಕೊಟ್ಟರೂ ನಡೆಯುತ್ತದೆ.

ಠಾಣೆ ಜಿಲ್ಲೆಯಲ್ಲಿ ಈ ಎರಡೂ ಪದ್ಧತಿ ಅಕ್ಕಪಕ್ಕದಲ್ಲಿವೆ. ಭಿವಂಡಿ, ಕಲ್ಯಾಣಗಳಲ್ಲಿ ಹಳೆಯ ಕೊಂಕಣಿ ಮನೆತನಗಳಿವೆ; 1857ರ ದಂಗೆಯ ನಂತರ ಉತ್ತರ ಪ್ರದೇಶದ ಕಡೆಯಿಂದ ಬಂದು ಭಿವಂಡಿಯಲ್ಲಿ ಮಗ್ಗ ಹೂಡಿದ ಮೋಮಿನ್ ನೇಕಾರರು ಹನಫಿಗಳು. ಠಾಣೆ ಖಾಡಿಯ ಪೂರ್ವ ದಡದ ಘಣಸೋಲಿ ಆಗ್ರಿ, ಕೋಳಿ ಜನರ ಭತ್ತದ ಗದ್ದೆ, ಉಪ್ಪಿನ ಮಡಿಗಳ ಹಳ್ಳಿಯಾಗಿತ್ತು. 1970ರಲ್ಲಿ ನಗರ ನಿರ್ಮಾಣ ನಿಗಮವಾದ ಸಿಡ್ಕೋ ಸ್ಥಾಪನೆಯಾಗಿ ನವಿಮುಂಬಯಿ ಕಟ್ಟಲು ತೊಡಗಿದ ಮೇಲೆ ಅದು ನಾನಾ ಪ್ರಾಂತದವರು ನೆಲೆಸಿದ ಬಡಾವಣೆಯಾಯಿತು. ಇಂಥ ಹೊಸ ಬಡಾವಣೆಗಳಲ್ಲಿ ಪಂಥ ನೋಡದೆ ಹತ್ತಿರದ ಮಸೀದಿಯ ಸಾಲಿನಲ್ಲಿ ನಿಲ್ಲುವುದೇ ರೂಢಿ.

ತಿಂಗಳು ಮೊದಲಾಗುವುದೂ ಮುಗಿಯುವುದೂ ಚಂದ್ರದರ್ಶನದಿಂದ. ನಡೆಯುತ್ತಿರುವ ತಿಂಗಳ 29ರ ಸಂಜೆ ಪಡುವಣದಲ್ಲಿ ಚಂದ್ರ ಕಂಡರೆ ಖಾಜಿ ಸಾರುತ್ತಾರೆ, ಇಲ್ಲದಿದ್ದರೆ 30 ತುಂಬಿಸಬೇಕು. ಭಟ್ಕಳ, ಉಡುಪಿ, ಮಂಗಳೂರುಗಳು ಅನೇಕ ವರ್ಷ ಕೇರಳದ ತೀರದಲ್ಲಿ ಕಂಡ ಚಂದ್ರನನ್ನೇ ಒಪ್ಪುವುದರಿಂದ ಅಲ್ಲಿ ಈದ್ ರಾಜ್ಯದ ಉಳಿದ ಕಡೆಗಿಂತ ಒಂದು ದಿನ ಮುಂಚೆ ಬರುವುದುಂಟು. ಹಿಜರಿ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹಾಗಾಗಿ ರಂಜಾನ್ 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2016ರಲ್ಲಿ ಅದು ಜೂನ್‌ನಲ್ಲಿ, ಮುಂಗಾರಿನ ಮೋಡದ ನಡುವೆ ಬಂದಿತ್ತು. 2030ರಲ್ಲಿ ಜನವರಿಯಲ್ಲೊಮ್ಮೆ, ಡಿಸೆಂಬರಿನಲ್ಲಿ ಮತ್ತೊಮ್ಮೆ ಆರಂಭವಾಗಲಿದೆ. ಬೇಸಗೆಯ ಲಂಡನ್ನಿನಲ್ಲಿ ಉಪವಾಸ 18 ಗಂಟೆ ಮೀರಿದರೆ, ಭಟ್ಕಳದಲ್ಲಿ ಚಳಿಗಾಲಕ್ಕೆ ಸುಮಾರು ಹನ್ನೆರಡೂವರೆ ಗಂಟೆ, ಮಳೆಗಾಲದ ಮೊದಲಿಗೆ ಹದಿನಾಲ್ಕು ಗಂಟೆಯ ಆಸುಪಾಸು.