ಸಂಘದ ಸದಸ್ಯತ್ವ ಬೇರೆ, ವೃತ್ತಿಯ ನೋಂದಣಿ ಬೇರೆ: ಆಕ್ಯುಪೇಷನಲ್ ಥೆರಪಿ ಬಗ್ಗೆ ತಿಳಿಯಬೇಕಾದ್ದು

ಲಕ್ವ ಹೊಡೆದವರೊಬ್ಬರು ಆಸ್ಪತ್ರೆಯಿಂದ ಮನೆಗೆ ಬರುತ್ತಾರೆ. ಜೀವ ಉಳಿದಿದೆ, ಬಲಗೈ ಮಾತ್ರ ಏಳುತ್ತಿಲ್ಲ. ಮುದ್ದೆ ಮುರಿಯುವುದು ಹೇಗೆ? ಅಂಗಿಯ ಗುಂಡಿ ಹಾಕಿಕೊಳ್ಳುವುದು ಹೇಗೆ? ಬಚ್ಚಲಿಗೆ ಒಬ್ಬರೇ ಹೋಗಬಹುದಾ? ಅಂಗಡಿ ಮತ್ತೆ ತೆರೆಯಬಹುದಾ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ವೃತ್ತಿಯೇ ಆಕ್ಯುಪೇಷನಲ್ ಥೆರಪಿ, ಅಂದರೆ ಓಟಿ.

'ಆಕ್ಯುಪೇಷನ್' ಅಂದ್ರೆ ಇಲ್ಲಿ ಬರೀ ಸಂಬಳದ ಕೆಲಸ ಅಲ್ಲ. ಉಣ್ಣುವುದು, ಉಡುವುದು, ಆಡುವುದು, ಓದುವುದು, ದುಡಿಯುವುದು ಎಲ್ಲವೂ ಅದರಲ್ಲಿ ಸೇರುತ್ತದೆ. ಫಿಸಿಯೋಥೆರಪಿಯ ಗಮನ ಹೆಚ್ಚಾಗಿ ದೇಹದ ಚಲನೆ ಮತ್ತು ಶಕ್ತಿಯ ಮೇಲಿರುತ್ತದೆ. ಓಟಿಯ ಗಮನ ಆ ದೇಹ ದಿನನಿತ್ಯದ ಬದುಕನ್ನು ಹೇಗೆ ನಡೆಸುತ್ತದೆ ಎಂಬುದರ ಮೇಲೆ. ಬೇಕಾದರೆ ಚಮಚದ ಹಿಡಿ ದಪ್ಪ ಮಾಡುತ್ತಾರೆ, ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸುತ್ತಾರೆ, ಕೆಲಸ ಮಾಡುವ ಕ್ರಮವನ್ನೇ ಬದಲಿಸುತ್ತಾರೆ. ಆಟಿಸಂ ಇರುವ ಮಕ್ಕಳು, ಕೈಗೆ ಪೆಟ್ಟಾದ ಕಾರ್ಮಿಕರು, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು, ವೃದ್ಧರು ಎಲ್ಲರಿಗೂ ಇದು ಬೇಕು.

ಭಾರತಕ್ಕೆ ಬಂದದ್ದು ಯಾವಾಗ?

1950ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ಓಟಿ ಶಾಲೆ ಶುರುವಾಯಿತು. ಕಟ್ಟಿದವರು ಅಮೆರಿಕದಲ್ಲಿ ಹುಟ್ಟಿ ಭಾರತದಲ್ಲಿ ನೆಲೆಸಿದ ಕಮಲಾ ನಿಂಬ್ಕರ್. 1952ರಲ್ಲಿ ಅಖಿಲ ಭಾರತ ಆಕ್ಯುಪೇಷನಲ್ ಥೆರಪಿಸ್ಟ್‌ಗಳ ಸಂಘ, ಅಂದರೆ ಎಐಓಟಿಎ ಹುಟ್ಟಿತು. ಅದೇ ವರ್ಷ ವಿಶ್ವ ಒಕ್ಕೂಟ ಡಬ್ಲ್ಯುಎಫ್‌ಓಟಿ ಸ್ಥಾಪನೆಯಾದಾಗ, ಅದರ ಹತ್ತು ಸ್ಥಾಪಕ ಸದಸ್ಯರಲ್ಲಿ ಭಾರತವೂ ಒಂದು. ಇಷ್ಟು ಬೇಗ ಶುರು ಮಾಡಿದ ದೇಶ ಈ ವೃತ್ತಿಗೆ ರಾಷ್ಟ್ರಮಟ್ಟದ ಕಾನೂನು ಮಾಡಿದ್ದು 2021ರಲ್ಲಿ!

ಸಂಘ ಮತ್ತು ಪರಿಷತ್ತು: ವ್ಯತ್ಯಾಸ ಏನು?

ವಕೀಲರ ಉದಾಹರಣೆ ತೆಗೆದುಕೊಳ್ಳಿ. ಊರಿನ ವಕೀಲರ ಸಂಘ ಬೇರೆ, ರಾಜ್ಯ ವಕೀಲರ ಪರಿಷತ್ತು ಬೇರೆ. ಸಂಘ ಸದಸ್ಯರದ್ದು; ಅವರ ಪರ ಮಾತಾಡುತ್ತದೆ. ಪರಿಷತ್ತು ಕಾನೂನಿನಿಂದ ಹುಟ್ಟಿದ್ದು; ಅಲ್ಲಿ ಹೆಸರಿಲ್ಲದಿದ್ದರೆ ವಕೀಲಿಕೆ ಮಾಡುವಂತಿಲ್ಲ. ಬ್ರಿಟನ್ನಿನಲ್ಲಿ ಓಟಿಗೂ ಇದೇ ವ್ಯವಸ್ಥೆ. ರಾಯಲ್ ಕಾಲೇಜ್ ಆಫ್ ಆಕ್ಯುಪೇಷನಲ್ ಥೆರಪಿಸ್ಟ್ಸ್ ಸದಸ್ಯತ್ವ ಐಚ್ಛಿಕ. ಎಚ್‌ಸಿಪಿಸಿ ನೋಂದಣಿ ಕಡ್ಡಾಯ. ನೋಂದಣಿ ಇಲ್ಲದವರು ಆ ಪದನಾಮ ಬಳಸುವುದೇ ಅಪರಾಧ.

ನಮ್ಮಲ್ಲಿ ಈ ಎರಡನೇ ಕಂಬವೇ ಇರಲಿಲ್ಲ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ವಾಕ್ ಚಿಕಿತ್ಸಕರನ್ನು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನು ಒಳಗೆ ತೆಗೆದುಕೊಂಡಿತು. ಓಟಿ ಹೊರಗೇ ಉಳಿಯಿತು. ದೆಹಲಿ 1997ರಲ್ಲಿ, ಮಹಾರಾಷ್ಟ್ರ 2002ರಲ್ಲಿ ತಮ್ಮದೇ ಕಾಯ್ದೆ ಮಾಡಿಕೊಂಡವು. ರಾಷ್ಟ್ರೀಯ ಪರಿಷತ್ತಿಲ್ಲದ ಆ ದಶಕಗಳಲ್ಲಿ ಎಐಓಟಿಎ ತನ್ನ ಮಿತಿಯೊಳಗೆ ಪರಿಷತ್ತಿನ ಕೆಲಸವನ್ನೂ ಮಾಡಿತು: ಕಾಲೇಜುಗಳಿಗೆ ಮಾನ್ಯತೆ, ಪಠ್ಯದ ಮಾನದಂಡ, ವಾರ್ಷಿಕ ಸಮ್ಮೇಳನ, ಒಂದು ಸಂಶೋಧನಾ ಪತ್ರಿಕೆ. ಆದರೆ ಸಂಘಕ್ಕೆ ತನ್ನ ಸದಸ್ಯರನ್ನು ತೆಗೆದುಹಾಕುವ ಅಧಿಕಾರ ಇರಬಹುದು, ಸದಸ್ಯರಲ್ಲದವರ ಅಂಗಡಿ ಮುಚ್ಚಿಸುವ ಅಧಿಕಾರ ಇಲ್ಲ.

ಇದರ ಬೆಲೆ ತೆತ್ತವರು ಯಾರು? ಮಗುವಿಗೆ ಆಟಿಸಂ ಅಂತ ಗೊತ್ತಾದ ದಿನದಿಂದ ಥೆರಪಿ ಸೆಂಟರ್‌ಗಳಿಗೆ ಅಲೆಯುವ ಅಪ್ಪ-ಅಮ್ಮ. ಬೋರ್ಡಿನಲ್ಲಿ 'ಓಟಿ' ಅಂತಿದ್ದರೆ ಒಳಗಿರುವವರು ಪದವೀಧರರೋ, ಕೆಲವು ವಾರಗಳ ಸರ್ಟಿಫಿಕೇಟ್ ಪಡೆದವರೋ ಅಂತ ತಿಳಿಯುವ ದಾರಿಯೇ ಅವರಿಗಿರಲಿಲ್ಲ.

2021ರ ಕಾಯ್ದೆ ಏನು ಹೇಳುತ್ತದೆ?

ಅದರ ಹೆಸರು ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯಸೇವಾ ವೃತ್ತಿಗಳ ಆಯೋಗ ಕಾಯ್ದೆ. ಅನುಸೂಚಿಯ ಹತ್ತು ವರ್ಗಗಳಲ್ಲಿ ಓಟಿಗೆ ಪ್ರತ್ಯೇಕ ಸ್ಥಾನವಿದೆ. 'ಆರೋಗ್ಯಸೇವಾ ವೃತ್ತಿಪರ' ಎನಿಸಿಕೊಳ್ಳಲು ಕನಿಷ್ಠ 3,600 ಗಂಟೆಗಳ ಪದವಿ ಶಿಕ್ಷಣ ಬೇಕು. ಕೇಂದ್ರದಲ್ಲಿ ಆಯೋಗ, ರಾಜ್ಯಗಳಲ್ಲಿ ಪರಿಷತ್ತು, ಎರಡೂ ಕಡೆ ನೋಂದಣಿ ಪುಸ್ತಕ ಇರಬೇಕು. ಆರು ತಿಂಗಳಲ್ಲಿ ರಾಜ್ಯ ಪರಿಷತ್ತುಗಳು ಆಗಬೇಕು ಅಂತ ಕಾಯ್ದೆಯಲ್ಲೇ ಇತ್ತು. ಆಗಲಿಲ್ಲ. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಎರಡು ತಿಂಗಳೊಳಗೆ ಜಾರಿ ಮಾಡಿ ಅಂತ ಕೇಂದ್ರ-ರಾಜ್ಯಗಳಿಗೆ ಹೇಳಬೇಕಾಯಿತು.

ಓದಬೇಕು ಅನ್ನುವವರಿಗೆ

ಪಿಯುಸಿ ವಿಜ್ಞಾನದ ನಂತರ ಬಿಓಟಿ, ಆಮೇಲೆ ಎಂಓಟಿ. ಬಿಓಟಿ ಬಹುಕಾಲ ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷದ ಕೋರ್ಸ್ ಆಗಿತ್ತು. ಕರ್ನಾಟಕದಲ್ಲಿ ಮಣಿಪಾಲದಂಥ ಕಡೆ ಓದಬಹುದು. ಸೇರುವ ಮೊದಲು ಮೂರು ಪ್ರಶ್ನೆ ಕೇಳಿ:

- ಕೋರ್ಸ್‌ಗೆ ಡಬ್ಲ್ಯುಎಫ್‌ಓಟಿ ಅನುಮೋದನೆ ಇದೆಯಾ? ಅದರ ಕನಿಷ್ಠ ಮಾನದಂಡ 1,000 ಗಂಟೆಗಳ ಮೇಲ್ವಿಚಾರಣೆಯ ಕ್ಷೇತ್ರಾನುಭವ ಕೇಳುತ್ತದೆ. ಹೊರದೇಶದಲ್ಲಿ ಕೆಲಸ ಹುಡುಕುವಾಗ ಇದು ಮುಖ್ಯ.
- ಪದವಿ 2021ರ ಕಾಯ್ದೆಯಡಿ ನೋಂದಣಿಗೆ ಅರ್ಹವಾ?
- ಕಲಿಕೆಗೆ ಆಸ್ಪತ್ರೆ, ಶಾಲೆ, ಸಮುದಾಯ ಮೂರೂ ಸಿಗುತ್ತವಾ?

ಹೊರದೇಶಕ್ಕೆ ಹೋಗುವುದಾದರೆ ಆ ದೇಶದ ಪರವಾನಗಿ ಬೇರೆಯೇ ಪಡೆಯಬೇಕು. ಡಬ್ಲ್ಯುಎಫ್‌ಓಟಿ ಹೆಸರು ಬಾಗಿಲು ತಟ್ಟಲು ಸಹಾಯ ಮಾಡುತ್ತದೆ, ಬಾಗಿಲು ತೆರೆಯುವುದಿಲ್ಲ.

ಹಾಗಾದ್ರೆ ಇನ್ನು ಸಂಘ ಯಾಕೆ?

ಯಾಕೆಂದರೆ ಪರಿಷತ್ತು ಇರುವುದು ಜನರನ್ನು ಕಾಪಾಡಲು. ಥೆರಪಿಸ್ಟ್‌ಗಳ ಸಂಬಳ ಕೇಳಲು ಅಲ್ಲ. ತಾಲೂಕು ಆಸ್ಪತ್ರೆಯಲ್ಲಿ ಓಟಿ ಹುದ್ದೆ ಬೇಕು, ಗುತ್ತಿಗೆ ನೌಕರಿ ಕಾಯಂ ಆಗಬೇಕು, ಸರ್ಕಾರಿ ಶಾಲೆಯ ಅಂಗವಿಕಲ ಮಗುವಿಗೂ ಥೆರಪಿ ಸಿಗಬೇಕು ಎಂದು ಒತ್ತಾಯಿಸುವುದು ಸಂಘಟಿತ ವೃತ್ತಿಪರರ ಕೆಲಸ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಗುರುತಿಸಿದ ಮೇಲೆ ಸೇವೆ ಕೊಡುವವರು ಯಾರು, ಎಲ್ಲಿ, ಯಾರ ಖರ್ಚಿನಲ್ಲಿ? ನೋಂದಣಿ ಪುಸ್ತಕ ನಕಲಿಗಳನ್ನು ದೂರ ಇಡಬಹುದು. ಅಸಲಿಗಳನ್ನು ಬಡವರ ಮನೆ ಬಾಗಿಲಿಗೆ ತಲುಪಿಸುವುದು ಬಜೆಟ್. ಆ ಬಜೆಟ್ ಕೇಳಲು ಥೆರಪಿಸ್ಟ್‌ಗಳ ಸಂಘ ಮತ್ತು ಅಂಗವಿಕಲರ ಸಂಘಟನೆಗಳು ಒಟ್ಟಿಗೆ ನಿಲ್ಲಬೇಕು.